ಸೋರುವ ಕಿವಿಯಲ್ಲಿ ರಕ್ತ ಕಂಡರೆ

ನಮ್ಮ ಮನೆಗಳಲ್ಲಿ ಮಗು ಹುಟ್ಟಿದೊಡನೆ ಅದರ ಕಿವಿಯಲ್ಲಿ ಅಝಾನ್ ಹೇಳುತ್ತೇವೆ. ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಒದ್ದೆ ಬೆರಳಿನಿಂದ ಕಿವಿಯ ಒಳಗೂ ಹಿಂದೆಯೂ ಸವರುತ್ತೇವೆ. ಕಿವಿಯನ್ನು ಇಷ್ಟು ಸಲ ಮುಟ್ಟುವ ನಾವು, ಅದರಿಂದ ಕೀವು ಸೋರಿದರೆ ಮಾತ್ರ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. "ಅವನದು ಚಿಕ್ಕಂದಿನಿಂದಲೂ ಸೋರುವ ಕಿವಿ" ಎಂದು ಹೇಳಿ ಸುಮ್ಮನಾಗುತ್ತೇವೆ. ಸ್ವಲ್ಪ ಹತ್ತಿ ಇಡುತ್ತೇವೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತೇವೆ, ಮೆಡಿಕಲ್ ಅಂಗಡಿಯಿಂದ ಒಂದು ಡ್ರಾಪ್ಸ್ ತರುತ್ತೇವೆ.

ಸೋರುವ ಕಿವಿಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾರೂ ಗಾಬರಿಯಾಗಬಾರದು. ಕಿವಿಯ ಒಳಭಾಗದ ಕ್ಯಾನ್ಸರ್ ಬಹಳ ಅಪರೂಪದ ಕಾಯಿಲೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ಬರುತ್ತದೆ. ಆದರೆ ಅದು ಅಡಗಿ ಕೂರುವುದು ನಮಗೆ ರೂಢಿಯಾಗಿರುವ ಇದೇ ಸೋರುವ ಕಿವಿಯ ಮರೆಯಲ್ಲಿ. ಅಪರೂಪವಾದುದರಿಂದಲೇ ಮನೆಯವರೂ ಕೆಲವೊಮ್ಮೆ ವೈದ್ಯರೂ ಅದನ್ನು ತಡವಾಗಿ ಗುರುತಿಸುತ್ತಾರೆ. ಹೀಗೆ ಕಳೆದುಹೋಗುವ ತಿಂಗಳುಗಳೇ ರೋಗಿಗೆ ದುಬಾರಿಯಾಗುತ್ತವೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ದೇವದುರ್ಗದ ಕಡೆಯ ಹಳ್ಳಿಯ ಅರವತ್ತು ದಾಟಿದ ಒಬ್ಬ ಚಾಚಾ. ಇಪ್ಪತ್ತು ವರ್ಷಗಳಿಂದ ಬಲಗಿವಿ ಆಗಾಗ ಸೋರುತ್ತಿದೆ. ಈಚೆಗೆ ಎರಡು ತಿಂಗಳಿಂದ ಕೀವಿನ ಜೊತೆ ರಕ್ತ ಬರುತ್ತಿದೆ. ರಾತ್ರಿ ಕಿವಿಯೊಳಗೆ ಆಳದಲ್ಲಿ ನೋವು, ನಿದ್ದೆ ಇಲ್ಲ. ಮೂರು ಸಲ ಡ್ರಾಪ್ಸ್ ಬದಲಾಯಿಸಿದ್ದಾಯಿತು. ಒಂದು ಬೆಳಿಗ್ಗೆ ವುಝೂಗೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಒಂದು ಬದಿಯಿಂದ ಸೋರಿತು, ಬಲಗಣ್ಣು ಪೂರ್ತಿ ಮುಚ್ಚಲಿಲ್ಲ. ಮನೆಯವರು "ಗಾಳಿ ಹೊಡೆದಿದೆ" ಎಂದುಕೊಂಡರು. ಈ ಚಾಚಾರ ಮನೆಯವರು ಎಲ್ಲಿ ಎಚ್ಚೆತ್ತುಕೊಳ್ಳಬೇಕಿತ್ತು? ಬಾಯಿ ಸೊಟ್ಟಗಾದ ದಿನವಲ್ಲ, ಎರಡು ತಿಂಗಳ ಹಿಂದೆ ಹತ್ತಿಯಲ್ಲಿ ಮೊದಲ ಸಲ ರಕ್ತದ ಕಲೆ ಕಂಡಾಗ. ಈ ಪಾಠದ ಉದ್ದೇಶ ಅಷ್ಟೇ.

ಕಿವಿಯ ಒಳಗೆ ಏನಿದೆ?

ಹೊರಗೆ ಕಾಣುವ ಹಾಳೆಯಂಥ ಭಾಗ ಮೃದ್ವಸ್ಥಿಯಿಂದ ಆದದ್ದು. ಅಲ್ಲಿಂದ ಒಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳವಿದೆ. ಅದರ ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಉಳಿದದ್ದು ಗಟ್ಟಿ ಮೂಳೆ. ನಾಳದ ಕೊನೆಗೆ ಕಿವಿತಮಟೆ, ಅದರ ಹಿಂದೆ ಮೂರು ಪುಟ್ಟ ಮೂಳೆಗಳಿರುವ ನಡುಗಿವಿ, ಅದಕ್ಕೂ ಆಚೆ ಶಬ್ದ ಗ್ರಹಿಸುವ ಮತ್ತು ದೇಹದ ಸಮತೋಲ ಕಾಯುವ ಒಳಗಿವಿ.

ಇವೆಲ್ಲವನ್ನೂ ಹೊತ್ತಿರುವುದು ತಲೆಬುರುಡೆಯ ಪಕ್ಕದ ಒಂದು ಮೂಳೆ. ವೈದ್ಯರು ಅದನ್ನು ಟೆಂಪೊರಲ್ ಮೂಳೆ ಎನ್ನುತ್ತಾರೆ. ಮುಖದ ಒಂದು ಬದಿಯನ್ನು ಆಡಿಸುವ ನರ ಈ ಮೂಳೆಯೊಳಗಿನ ಸಣ್ಣ ಸುರಂಗದಲ್ಲಿ ಹಾದುಹೋಗುತ್ತದೆ. ಮೇಲ್ಗಡೆ ಮೆದುಳಿನ ಹೊದಿಕೆ, ಕೆಳಗಡೆ ಮೆದುಳಿಗೆ ರಕ್ತ ಒಯ್ಯುವ ಮತ್ತು ಅಲ್ಲಿಂದ ತರುವ ದೊಡ್ಡ ರಕ್ತನಾಳಗಳು, ಮುಂದೆ ದವಡೆಯ ಕೀಲು ಮತ್ತು ಜೊಲ್ಲುಗ್ರಂಥಿ ಇವೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಗೆಡ್ಡೆ ಬೆಳೆದರೆ ಕೆಲವೇ ಮಿಲಿಮೀಟರ್‌ಗಳ ಅಂತರದಲ್ಲಿ ಕಾಯಿಲೆಯ ಹಂತ ಬದಲಾಗುತ್ತದೆ. ಬೇಗ ಬನ್ನಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಯಾರಿಗೆ ಬರುತ್ತದೆ?

ಕಿವಿ ನಾಳದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅಲ್ಲಿನ ಚರ್ಮದ ಮೇಲ್ಪದರದಿಂದ ಹುಟ್ಟುತ್ತವೆ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಕಾಣಿಸುತ್ತವೆ. ಹಲವು ವರ್ಷ ಸೋರಿದ ಕಿವಿ ಇರುವವರಲ್ಲಿ ಮತ್ತು ಹಿಂದೆ ಬೇರೆ ಕಾಯಿಲೆಗಾಗಿ ತಲೆ, ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅಪಾಯ ಹೆಚ್ಚು. ಗುಗ್ಗೆ ತಯಾರಿಸುವ ಗ್ರಂಥಿಗಳಿಂದ ಹುಟ್ಟುವ ಇನ್ನೊಂದು ಬಗೆ ನಿಧಾನವಾಗಿ ಬೆಳೆಯುತ್ತದೆ. ಕೀವು ಇಲ್ಲದೆ ಬರೀ ನೋವಿನಿಂದಲೇ ವರ್ಷಗಟ್ಟಲೆ ಕಾಡಬಹುದು.

ಹೊರಗಿವಿಯ ಹಾಳೆಗೆ ಬರುವ ಕ್ಯಾನ್ಸರ್‌ಗೆ ಮುಖ್ಯ ಕಾರಣ ದೀರ್ಘಕಾಲದ ಬಿಸಿಲು. ರಾಯಚೂರಿನ ಬೇಸಿಗೆ ಹೇಗಿರುತ್ತದೆಂದು ನಮಗೆ ಯಾರೂ ಹೇಳಬೇಕಿಲ್ಲ. ಮಾನ್ವಿಯ ಭತ್ತದ ಗದ್ದೆಯಲ್ಲಿ, ದೇವದುರ್ಗದ ಹತ್ತಿ ಹೊಲದಲ್ಲಿ ದಿನವಿಡೀ ದುಡಿಯುವವರ ತಲೆಗೆ ಟೋಪಿ ಇದ್ದರೂ ಕಿವಿಯ ಮೇಲಂಚು ಬಿಸಿಲಿಗೇ ಇರುತ್ತದೆ. ನಮ್ಮ ಮೈಬಣ್ಣ ಒಂದಷ್ಟು ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ. ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಮಕ್ಕಳಿಗೂ ಅಪರೂಪವಾಗಿ ಬರುತ್ತದೆ. ಅದು ಬೇರೆ ಬಗೆಯದು, ಸ್ನಾಯುವಿನ ಅಂಗಾಂಶದಿಂದ ಹುಟ್ಟಿ ವೇಗವಾಗಿ ಬೆಳೆಯುತ್ತದೆ. ಚಿಕ್ಕ ಮಗುವಿನ ಕಿವಿಯಿಂದ ಮಾಂಸದ ಮುದ್ದೆಯಂಥದು ಹೊರಬಂದು ರಕ್ತ ಬರುತ್ತಿದ್ದರೆ, ಜೊತೆಗೆ ಮುಖ ಒಂದು ಕಡೆಗೆ ವಾಲಿದ್ದರೆ, ಅದೇ ವಾರ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯಬೇಕು. ಮಕ್ಕಳಲ್ಲಿ ಇದಕ್ಕೆ ಮುಖ್ಯವಾಗಿ ಔಷಧ ಮತ್ತು ವಿಕಿರಣದಿಂದ ಚಿಕಿತ್ಸೆ ಕೊಡುತ್ತಾರೆ.

ಎಚ್ಚರಿಕೆಯ ಲಕ್ಷಣಗಳು

ಇವುಗಳಲ್ಲಿ ಒಂದಿದ್ದರೂ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ:

1. ಕಿವಿಯ ಸೋರಿಕೆಯಲ್ಲಿ ರಕ್ತ ಕಾಣುವುದು.
2. ರಾತ್ರಿ ಹೆಚ್ಚಾಗುವ, ಮಾತ್ರೆಗೂ ಬಗ್ಗದ ಆಳದ ನೋವು.
3. ಸರಿಯಾದ ಔಷಧ ಹಾಕಿದರೂ ಮೂರು ವಾರದಲ್ಲಿ ಕಡಿಮೆಯಾಗದ ಸೋರಿಕೆ ಅಥವಾ ಹುಣ್ಣು.
4. ಒಂದೇ ಕಿವಿ ಬೇಗ ಬೇಗ ಮಂದವಾಗುವುದು.
5. ಮುಖದ ಒಂದು ಬದಿ ಸೋಲುವುದು: ಕಣ್ಣು ಮುಚ್ಚದಿರುವುದು, ಬಾಯಿ ವಾಲುವುದು.
6. ಕಿವಿಯ ಮುಂದೆ, ಕೆಳಗೆ ಅಥವಾ ಕತ್ತಿನಲ್ಲಿ ಗಂಟು. ಬಾಯಿ ತೆರೆಯಲು ಕಷ್ಟ.
7. ಕಿವಿಯ ಹಾಳೆಯ ಮೇಲೆ ಹಕ್ಕಳೆ ಬಿದ್ದು ಕಿತ್ತು ಮತ್ತೆ ಹಕ್ಕಳೆ ಕಟ್ಟುವ, ತಿಂಗಳಾದರೂ ಮಾಯದ ಗಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ದುಪಟ್ಟಾದೊಳಗಿನ ಕಿವಿಯ ಮೇಲಿನ ಗಾಯ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಅಮ್ಮ, ನಾನಿ, ದಾದಿ ತಾವಾಗಿಯೇ ಹೇಳಿಕೊಳ್ಳುವುದೂ ಅಪರೂಪ. ಅವರ ತಲೆ ಬಾಚುವ ಮಗಳು, ಮೊಮ್ಮಗಳು ಒಮ್ಮೆ ಕಿವಿಯ ಹಿಂದೆಯೂ ನೋಡಲಿ. ಮಹಿಳಾ ವೈದ್ಯರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಅಗತ್ಯವಿದ್ದಾಗ ಪುರುಷ ವೈದ್ಯರಿಗೆ ತೋರಿಸಲು ಧರ್ಮದಲ್ಲಿ ಅವಕಾಶವಿದೆ. ಮನೆಯವರೊಬ್ಬರು ಜೊತೆಗೆ ಹೋದರೆ ಸಾಕು.

ಕ್ಯಾನ್ಸರ್‌ನಂತೆ ಕಾಣುವ ಬೇರೆ ಕಾಯಿಲೆಗಳು

ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಕಿವಿ ನಾಳದಲ್ಲಿ ಒಂದು ಉಗ್ರ ಸೋಂಕು ಬರುತ್ತದೆ. ಅದು ಮೂಳೆಗೂ ಇಳಿಯುತ್ತದೆ, ಅಸಾಧ್ಯ ನೋವು ಕೊಡುತ್ತದೆ, ಮುಖದ ನರವನ್ನೂ ಸೋಲಿಸಬಲ್ಲದು. ವೈದ್ಯರ ಹಳೆಯ ರೂಢಿಯಲ್ಲಿ ಅದರ ಹೆಸರಿನಲ್ಲಿ 'ಮ್ಯಾಲಿಗ್ನೆಂಟ್' ಎಂಬ ಪದವಿದೆ. ಚೀಟಿಯಲ್ಲಿ ಅದನ್ನು ಓದಿ ಕ್ಯಾನ್ಸರ್ ಎಂದು ಹೆದರಿದವರಿದ್ದಾರೆ. ಅದು ಕ್ಯಾನ್ಸರ್ ಅಲ್ಲ, ಬ್ಯಾಕ್ಟೀರಿಯಾದ ಸೋಂಕು. ಆದರೂ ಹಗುರವಾಗಿ ನೋಡುವಂತಿಲ್ಲ. ಸಕ್ಕರೆಯನ್ನು ಹತೋಟಿಗೆ ತಂದು ಹಲವು ವಾರ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಎರಡರ ಲಕ್ಷಣಗಳೂ ಒಂದೇ ರೀತಿ ಇರುವುದರಿಂದ ಇಲ್ಲಿಯೂ ತುಣುಕು ಪರೀಕ್ಷೆ ಬೇಕಾಗಬಹುದು.

ಕೊಳೆತ ವಾಸನೆಯ ಕೀವು ಬರುವ ಮತ್ತೊಂದು ಕಾಯಿಲೆಯಲ್ಲಿ ನಡುಗಿವಿಯೊಳಗೆ ಚರ್ಮದ ಪದರ ಶೇಖರವಾಗಿ ಮೂಳೆಯನ್ನು ತಿನ್ನುತ್ತದೆ. ಇದೂ ಕ್ಯಾನ್ಸರ್ ಅಲ್ಲ, ಆದರೆ ಆಪರೇಷನ್ ಮಾಡದಿದ್ದರೆ ಮೆದುಳಿಗೆ ಸೋಂಕು ಹೋಗಬಹುದು.

ಇನ್ನೊಂದನ್ನು ನಮ್ಮ ಕಡೆಯವರು ಮುಖ್ಯವಾಗಿ ನೆನಪಿಡಬೇಕು. ಕಿವಿ ನೋಯುತ್ತದೆ, ಆದರೆ ಕಿವಿ ಪರೀಕ್ಷಿಸಿದರೆ ಏನೂ ಇಲ್ಲ. ಅಂಥವರು ಗುಟ್ಕಾ, ಜರ್ದಾ, ಬೀಡಿ ಬಳಸುವವರಾಗಿದ್ದರೆ ನಾಲಿಗೆಯ ಬುಡ, ಟಾನ್ಸಿಲ್, ಗಂಟಲನ್ನು ಪರೀಕ್ಷಿಸಲೇಬೇಕು. ಗಂಟಲಿಗೂ ಕಿವಿಗೂ ನರಗಳ ಸಂಬಂಧ ಇರುವುದರಿಂದ ಗಂಟಲಿನ ಕ್ಯಾನ್ಸರ್ ಮೊದಲು ಕಿವಿನೋವಾಗಿ ಕಾಣಿಸಿಕೊಳ್ಳಬಹುದು. ವೈದ್ಯರು ಕೇಳದಿದ್ದರೂ "ನಾನು ಗುಟ್ಕಾ ಹಾಕುತ್ತೇನೆ" ಎಂದು ನಾಚಿಕೆಯಿಲ್ಲದೆ ಹೇಳಿ.

ಪತ್ತೆ ಹಚ್ಚುವುದು ಹೇಗೆ?

ಮೊದಲು ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕಿವಿಯನ್ನು ಶುಚಿ ಮಾಡುತ್ತಾರೆ. ಒಳಗೆ ಮುಟ್ಟಿದರೆ ರಕ್ತ ಬರುವ ದುರ್ಮಾಂಸ ಕಂಡರೆ ಅದರ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದೇ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಇದೊಂದೇ. ರಕ್ತ ಪರೀಕ್ಷೆಯಿಂದಾಗಲಿ ಎಕ್ಸ್‌ರೇಯಿಂದಾಗಲಿ ಇದು ತಿಳಿಯುವುದಿಲ್ಲ.

"ಸೂಜಿ, ಕತ್ತರಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಎಂಬ ಮಾತು ನಮ್ಮ ಓಣಿಗಳಲ್ಲಿ ಇಂದಿಗೂ ಓಡಾಡುತ್ತದೆ. ಅದು ತಪ್ಪು. ಬಯಾಪ್ಸಿ ಮಾಡಿಸದೆ ತಳ್ಳಿದ ತಿಂಗಳುಗಳಲ್ಲೇ ಗೆಡ್ಡೆ ಬೆಳೆಯುವುದು. ಕೆಲವೊಮ್ಮೆ ಮೊದಲ ತುಣುಕಿನಲ್ಲಿ ಬರೀ ಸೋಂಕು ಎಂದು ವರದಿ ಬರುತ್ತದೆ, ಏಕೆಂದರೆ ಮೇಲ್ಪದರ ಮಾತ್ರ ಸಿಕ್ಕಿರುತ್ತದೆ. ವರದಿ ಚೆನ್ನಾಗಿ ಬಂದರೂ ನೋವು, ರಕ್ತ ನಿಲ್ಲದಿದ್ದರೆ ಇನ್ನೊಮ್ಮೆ ಆಳದಿಂದ ತುಣುಕು ತೆಗೆಯಬೇಕೇ ಎಂದು ಕೇಳುವ ಹಕ್ಕು ನಿಮಗಿದೆ. ಕಿವಿತಮಟೆಯ ಹಿಂದೆ ಮಿಡಿಯುವ ಕೆಂಪು ಗಂಟು ಕಂಡರೆ ಮಾತ್ರ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಅದು ರಕ್ತನಾಳಗಳ ಗೆಡ್ಡೆಯಾಗಿದ್ದರೆ ತುಣುಕು ತೆಗೆಯುವಾಗ ವಿಪರೀತ ರಕ್ತ ಹೋಗಬಹುದು.

ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಎರಡು ಸ್ಕ್ಯಾನ್‌ಗಳು ಬೇಕಾಗುತ್ತವೆ. ಸಿಟಿ ಸ್ಕ್ಯಾನ್ ಮೂಳೆ ಎಲ್ಲಿ ಸವೆದಿದೆ ಎಂದು ತೋರಿಸುತ್ತದೆ. ಎಂಆರ್‌ಐ ಮೆದುಳಿನ ಹೊದಿಕೆ, ನರ, ಜೊಲ್ಲುಗ್ರಂಥಿಯಂಥ ಮೃದು ಭಾಗಗಳಿಗೆ ಹಬ್ಬಿದೆಯೇ ಎಂದು ತೋರಿಸುತ್ತದೆ. ಒಂದು ಇನ್ನೊಂದರ ಬದಲಿಯಲ್ಲ, ಎರಡನ್ನೂ ಬರೆದುಕೊಟ್ಟರೆ ಸುಲಿಗೆ ಎಂದು ತಿಳಿಯಬೇಡಿ. ಜೊತೆಗೆ ಶ್ರವಣ ಪರೀಕ್ಷೆ, ಕತ್ತಿನ ಗಂಟುಗಳ ಮತ್ತು ಎದೆಯ ಪರೀಕ್ಷೆ ಇರುತ್ತದೆ.

ಇವುಗಳ ಆಧಾರದ ಮೇಲೆ ನಾಲ್ಕು ಹಂತಗಳನ್ನು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಗೆಡ್ಡೆ ಕಿವಿ ನಾಳದ ಚರ್ಮದಲ್ಲಷ್ಟೇ ಇರುತ್ತದೆ. ಎರಡನೆಯದರಲ್ಲಿ ಮೂಳೆ ಸ್ವಲ್ಪ ಸವೆದಿರುತ್ತದೆ. ಮೂರನೆಯದರಲ್ಲಿ ನಾಳದ ಮೂಳೆ ಪೂರ್ತಿ ತೂತಾಗಿರುತ್ತದೆ ಅಥವಾ ಗೆಡ್ಡೆ ನಡುಗಿವಿಗೆ ದಾಟಿರುತ್ತದೆ. ಒಳಗಿವಿ, ಮೆದುಳಿನ ಹೊದಿಕೆ, ದೊಡ್ಡ ರಕ್ತನಾಳ ಮುಟ್ಟಿದರೆ ಅಥವಾ ಮುಖದ ನರ ಸೋತಿದ್ದರೆ ನಾಲ್ಕನೆಯದು. ನಮ್ಮ ಉದಾಹರಣೆಯ ಚಾಚಾರ ಬಾಯಿ ಸೊಟ್ಟಗಾಗುವ ಹೊತ್ತಿಗೆ ಕಾಯಿಲೆ ಎಲ್ಲಿಗೆ ಮುಟ್ಟಿರಬಹುದು ಎಂದು ಈಗ ತಿಳಿಯಿತಲ್ಲವೇ?

ಚಿಕಿತ್ಸೆ

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಹೊರಗಿವಿಯ ಸಣ್ಣ ಗೆಡ್ಡೆಯಾದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಸಮೇತ ತೆಗೆದರೆ ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ನಾಳದ ಕ್ಯಾನ್ಸರ್‌ನಲ್ಲಿ ಗೆಡ್ಡೆಯನ್ನು ಕೆರೆದು ತೆಗೆದರೆ ಸಾಲದು. ನಾಳವನ್ನು ಅದರ ಮೂಳೆ, ಕಿವಿತಮಟೆ, ಅದಕ್ಕಂಟಿದ ಪುಟ್ಟ ಮೂಳೆಗಳ ಸಮೇತ ಇಡಿಯಾಗಿ ಹೊರತೆಗೆಯುತ್ತಾರೆ. ಬೇಕಿದ್ದರೆ ಜೊಲ್ಲುಗ್ರಂಥಿಯ ಭಾಗವನ್ನೂ ಕತ್ತಿನ ಗಂಟುಗಳನ್ನೂ ತೆಗೆಯುತ್ತಾರೆ. ಆ ಜಾಗವನ್ನು ದೇಹದ ಬೇರೆ ಭಾಗದ ಮಾಂಸದಿಂದ ತುಂಬುತ್ತಾರೆ.

ಮೂಳೆಗೆ ಹಬ್ಬಿದ್ದರೆ ಶಸ್ತ್ರಕ್ರಿಯೆಯ ನಂತರ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರಗಳಷ್ಟು. ಕೆಲವರಿಗೆ ಜೊತೆಯಲ್ಲಿ ಕಿಮೋಥೆರಪಿಯೂ ಇರುತ್ತದೆ. ನಡುವೆ ಬಿಟ್ಟು ಬಂದರೆ ಕೊಟ್ಟದ್ದರ ಫಲ ಕಡಿಮೆಯಾಗುತ್ತದೆ. ಆರಂಭಕ್ಕೆ ಮುನ್ನ ಹಲ್ಲುಗಳನ್ನು ತೋರಿಸಿಕೊಳ್ಳಿ. ವಿಕಿರಣದ ನಂತರ ದವಡೆಯ ಹಲ್ಲು ಕೀಳಿಸುವುದು ತೊಂದರೆಗೆ ದಾರಿ.

ಮೊದಲ ಎರಡು ಹಂತಗಳಲ್ಲಿ ಚಿಕಿತ್ಸೆ ಪಡೆದ ಹತ್ತರಲ್ಲಿ ಸುಮಾರು ಎಂಟು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ನಾಲ್ಕನೆಯ ಹಂತದಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಿದ್ದರೂ ಆ ಹಂತದಲ್ಲಿ "ಇನ್ನೇನೂ ಮಾಡಲಾಗದು" ಎಂದು ಮನೆಗೆ ಕರೆತರುವುದು ಸರಿಯಲ್ಲ. ನೋವು ತಗ್ಗಿಸುವ, ರಕ್ತಸ್ರಾವ ನಿಲ್ಲಿಸುವ ಚಿಕಿತ್ಸೆ ಯಾವ ಹಂತದಲ್ಲೂ ಇದೆ.

ಶಸ್ತ್ರಕ್ರಿಯೆಯಾದ ಕಿವಿ ಸಾಮಾನ್ಯವಾಗಿ ಮಂದವಾಗುತ್ತದೆ. ಒಳಗಿವಿ ಉಳಿದಿದ್ದರೆ ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಉಪಕರಣ ನೆರವಾಗುತ್ತದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಲಹೆ ಸಿಗುತ್ತದೆ. ಮುಖದ ನರ ಸೋತಿದ್ದರೆ ಕಣ್ಣು ಒಣಗದಂತೆ ಡ್ರಾಪ್ಸ್ ಹಾಕಿ, ಮಲಗುವಾಗ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಬೇಕು. ಇದನ್ನು ಮರೆತರೆ ಕಣ್ಣೇ ಹೋಗಬಹುದು. ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ, ಆದ್ದರಿಂದ ಕರೆದ ದಿನ ತಪ್ಪದೆ ಹೋಗಿ.

ಇಬಾದತ್ ಮತ್ತು ಕಿವಿ

ಸೋರುವ ಕಿವಿಗೆ ನೀರು ಶತ್ರು. ಗುಸ್ಲ್ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯಿಂದ ಕಿವಿಯ ಬಾಯಿ ಮುಚ್ಚಿ. ವುಝೂದಲ್ಲಿ ಬೆರಳನ್ನು ನಾಳದ ಆಳಕ್ಕೆ ತೂರಿಸುವ ಅಗತ್ಯವಿಲ್ಲ. ಆಪರೇಷನ್ ಆದ ಗಾಯಕ್ಕೆ ನೀರು ತಾಗಬಾರದು ಎಂದು ವೈದ್ಯರು ಹೇಳಿದರೆ ಪಟ್ಟಿಯ ಮೇಲೆ ಸವರುವ ಮತ್ತು ತಯಮ್ಮುಮ್‌ನ ರಿಯಾಯಿತಿಗಳು ಇವೆ. ತಲೆ ಬಗ್ಗಿಸಬೇಡಿ ಎಂದರೆ ಕುಳಿತೇ ನಮಾಝ್ ಮಾಡಬಹುದು. ರಮಝಾನ್‌ನಲ್ಲಿ ವಿಕಿರಣ ಚಿಕಿತ್ಸೆ ಬಂದರೆ ಉಪವಾಸಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ. ರೋಗಿಗೆ ವಿನಾಯಿತಿ ಇದೆ. ನಿಮ್ಮ ಸ್ಥಿತಿಗೆ ಯಾವುದು ಅನ್ವಯಿಸುತ್ತದೆ ಎಂದು ವೈದ್ಯರ ಮಾತನ್ನು ಮುಂದಿಟ್ಟು ಆಲಿಮರನ್ನು ಕೇಳಿ. ಚಿಕಿತ್ಸೆ ಪಡೆಯಿರಿ ಎಂದೇ ಪ್ರವಾದಿ(ಸ)ರು ಕಲಿಸಿದ್ದಾರೆ. ದುಆ ಮಾಡುತ್ತಾ ಆಸ್ಪತ್ರೆಗೂ ಹೋಗಬೇಕು.

ಎಲ್ಲಿಗೆ ಹೋಗುವುದು?

ದೇವದುರ್ಗ, ಮಾನ್ವಿಯವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ರಾಯಚೂರಿನ ರಿಮ್ಸ್‌ಗೆ ಬನ್ನಿ. 2007ರಲ್ಲಿ ಶುರುವಾದ ಈ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್‌ಗಳಲ್ಲಿ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ಹೀಗಾಗಿ ಬಸ್ ಖರ್ಚಿನ ಚಿಂತೆಗೆ ಅಮ್ಮನ ಪರೀಕ್ಷೆ ಮುಂದೂಡಬೇಕಿಲ್ಲ.

ಕ್ಯಾನ್ಸರ್ ಎಂದು ತಿಳಿದರೆ ಮುಂದಿನ ದಾರಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಆಸ್ಪತ್ರೆ ಅದು. ಕಲಬುರಗಿಯಲ್ಲಿ ಅದರದೇ ಶಾಖಾ ಕೇಂದ್ರವಿದೆ. ಮೂಳೆಯ ದೊಡ್ಡ ಶಸ್ತ್ರಕ್ರಿಯೆ ಬೆಂಗಳೂರಿನಲ್ಲಿ ಆದರೂ, ಆರು ವಾರದ ವಿಕಿರಣವನ್ನು ಕಲಬುರಗಿಯಲ್ಲಿ ಪಡೆಯಬಹುದೇ ಎಂದು ಕೇಳಿ ನೋಡಿ. ರಾಯಚೂರಿನವರಿಗೆ ಅದು ಹತ್ತಿರ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ರಾಯಚೂರು, ಬೆಂಗಳೂರು ಮೂರನ್ನೂ ಜೋಡಿಸುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆ ರಿಯಾಯಿತಿ ಇದೆ, ಅದರ ಅರ್ಜಿಗೆ ಆಸ್ಪತ್ರೆಯ ಸಹಿ ಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ಪಡಿತರ ಚೀಟಿ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿಯಾಗಿ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಮುಖ್ಯ, ಮೂಲ ಪ್ರತಿಯನ್ನು ಜೋಪಾನ ಮಾಡಿ. ಹೈದರಾಬಾದಿಗೆ ಹೋಗುವವರು ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಕೇಳಿಕೊಳ್ಳಿ. ಊಟ, ವಸತಿ, ಜೊತೆಗಿರುವವರ ದಿನಗೂಲಿ ನಷ್ಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮೊಹಲ್ಲಾದ ಬೈತುಲ್‌ಮಾಲ್ ನೆರವಾಗಬೇಕಾದದ್ದು ಇಲ್ಲಿಯೇ.

ಇಂದಿನಿಂದಲೇ ಮಾಡಬಹುದಾದದ್ದು

ಕಿವಿಗೆ ಎಣ್ಣೆ, ಎಲೆ ರಸ ಬಿಡಬೇಡಿ. ಪಿನ್ನು, ಬೆಂಕಿಕಡ್ಡಿ ಹಾಕಬೇಡಿ. ಬಸ್ ನಿಲ್ದಾಣದಲ್ಲಿ ಗುಗ್ಗೆ ತೆಗೆಯುವವರ ಕೈಗೆ ಕಿವಿ ಕೊಡಬೇಡಿ. ಕಿವಿ ಸೋರುವ ಮಕ್ಕಳನ್ನು ನಾರಾಯಣಪುರ ಬಲದಂಡೆ, ತುಂಗಭದ್ರಾ ಎಡದಂಡೆ ಕಾಲುವೆಗಳಲ್ಲಿ ಈಜಲು ಬಿಡಬೇಡಿ. ಕಿವಿತಮಟೆಯ ತೂತನ್ನು ಮುಚ್ಚುವ ಆಪರೇಷನ್ ಇದೆ. ಚಿಕ್ಕಂದಿನಲ್ಲೇ ಅದನ್ನು ಮಾಡಿಸಿದರೆ ಇಪ್ಪತ್ತು ವರ್ಷ ಸೋರುವ ಪ್ರಮೇಯವೇ ಬರುವುದಿಲ್ಲ.

ಮನೆಯಲ್ಲಿ ಸೋರುವ ಕಿವಿಯ ಹಿರಿಯರಿದ್ದರೆ ಇವತ್ತು ಅವರನ್ನು ಮೂರು ಪ್ರಶ್ನೆ ಕೇಳಿ: ಹತ್ತಿಯಲ್ಲಿ ರಕ್ತ ಕಾಣುತ್ತಿದೆಯೇ? ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ? ಮೂರು ವಾರ ಔಷಧ ಹಾಕಿಯೂ ಹಾಗೆಯೇ ಇದೆಯೇ? ಒಂದಕ್ಕೆ "ಹೌದು" ಎಂದರೂ ಅವರನ್ನು ವೈದ್ಯರ ಬಳಿ ಕರೆದೊಯ್ದು, "ತುಣುಕು ಪರೀಕ್ಷೆ ಬೇಕೇ?" ಎಂದು ನೀವೇ ಕೇಳಿ. ಬೇಡ ಎಂದರೆ ನೆಮ್ಮದಿಯಿಂದ ಮನೆಗೆ ಬರಬಹುದು. ಬೇಕು ಎಂದರೆ ಅದೇ ದಿನ ಮಾಡಿಸಿಕೊಂಡು ಬನ್ನಿ.